ಮಂಜರಾಬಾದಿನ ಬೆಟ್ಟದ ದಾರಿಗಳು

ಕೆಲಸದ ಮೇಲೆ ಹೊರಟವನಿಗೆ ದಾರಿಯೆಂದರೆ ಎರಡು ಊರುಗಳ ನಡುವಣ ದೂರ. ಅದು ಎಷ್ಟು ಬೇಗ ಮುಗಿದರೆ ಅವನಿಗೆ ಅಷ್ಟು ಲಾಭ. ನೋಡುವುದಕ್ಕಾಗಿ ಹೊರಟವನಿಗಾದರೋ ದಾರಿಯೇ ಊರು. ಅದು ಮುಗಿದರೆ ಪ್ರಯಾಣದ ಫಲವೂ ಮುಗಿಯಿತು. ಈ ಇಬ್ಬರೂ ಒಂದೇ ಮೋಟಾರಿನಲ್ಲಿ ಒಂದೇ ಊರಿಗೆ ಹೋಗಬಹುದು. ಆದರೆ ಇಬ್ಬರೂ ಒಂದೇ ದಾರಿಯಲ್ಲಿ ಹೋಗಬೇಕಾದುದಿಲ್ಲ. ಈಗಿನ ಕಾಲದಲ್ಲಿ ಕೈಯಲ್ಲಿರುವ ಮೊಬೈಲನ್ನು ಕೇಳಿದರೆ ಅದು ಅತಿ ಬೇಗನೆ ಮುಟ್ಟಿಸುವ ದಾರಿಯನ್ನು ಕ್ಷಣಮಾತ್ರದಲ್ಲಿ ತೋರಿಸಿಬಿಡುತ್ತದೆ. ಚೆಲುವಾದ ದಾರಿ ಯಾವುದು, ಅದರಲ್ಲಿ ಯಾವ ಹೊತ್ತಿಗೆ ಹೋಗಬೇಕು, ಯಾವ ತಿಂಗಳಲ್ಲಿ ಹೋಗಕೂಡದು ಎಂಬುದನ್ನು ಮಾತ್ರ ನಾವೇ ವಿಚಾರಮಾಡಿ ತಿಳಿಯಬೇಕು. ಈ ವಿಚಾರವನ್ನು ಹೇಗೆ ಮಾಡಬೇಕೆಂಬುದನ್ನು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಲು ಯತ್ನಿಸುತ್ತೇವೆ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು ೨೨೦ ಕಿಲೋಮೀಟರು. ಮಂಗಳೂರಿನಿಂದ ಸುಮಾರು ೧೩೦ ಕಿಲೋಮೀಟರು. ಎರಡು ದೊಡ್ಡ ಪಟ್ಟಣಗಳ ಜನರು ಶನಿವಾರ ಹೊರಟು ಭಾನುವಾರ ಹಿಂದಿರುಗುವಷ್ಟು ಹತ್ತಿರದಲ್ಲಿ ಇದು ಇದೆ. ಆದುದರಿಂದ ಇಲ್ಲಿಗೆ ಬರುವವರು ಬಹಳ. ಬಂದವರಲ್ಲಿ ಹೆಚ್ಚು ಮಂದಿ ಹೆದ್ದಾರಿಯಲ್ಲಿಯೇ ಬಂದು, ಕೋಟೆಯೊಂದನ್ನು ಹತ್ತಿ, ಲಾರಿಗಳ ಸಾಲಿನ ಹಿಂದೆ ಅರ್ಧ ದಿನವನ್ನು ಕಳೆದು ಮರಳುವವರು. ಅವರು ನೋಡಬಂದ ನಾಡು ಹೆದ್ದಾರಿಯಿಂದ ಹತ್ತು ಹದಿನೈದು ಕಿಲೋಮೀಟರು ದೂರದಲ್ಲಿ ಅವರಿಗೆ ಕಾಣದೆ ಉಳಿಯುತ್ತದೆ.

ಯಾವ ಬೆಟ್ಟನಾಡಿನಲ್ಲಿಯೇ ಆಗಲಿ, ದಾರಿಯನ್ನು ಹುಡುಕುವುದಕ್ಕೆ ಮೊದಲು ನೀರನ್ನು ಹುಡುಕಬೇಕು. ನೀರು ಎಲ್ಲಿ ಹುಟ್ಟಿ ಎತ್ತ ಹರಿಯುತ್ತದೆಯೆಂದು ತಿಳಿದರೆ ನೆಲದ ಏರಿಳಿತ ತಾನಾಗಿ ತಿಳಿಯುತ್ತದೆ. ನೆಲದ ಏರಿಳಿತ ತಿಳಿದರೆ ನೋಟ ಎಲ್ಲಿ ತೆರೆಯುತ್ತದೆಯೆಂಬುದೂ ತಿಳಿಯುತ್ತದೆ. ಸಕಲೇಶಪುರದ ಮುಖ್ಯ ನದಿ ಹೇಮಾವತಿ. ಇದು ಉತ್ತರಕ್ಕೆ ಬಲ್ಲಾಳರಾಯನ ದುರ್ಗದ ಕಡೆಯಲ್ಲಿ ಹುಟ್ಟಿ, ಸಕಲೇಶಪುರದ ಊರನ್ನು ಮುಟ್ಟಿಕೊಂಡು ಹರಿದು, ಆಲೂರಿನ ಸೀಮೆಯನ್ನು ಸೋಕಿ, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕೊನೆಗೆ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಇದು ಪೂರ್ವಕ್ಕೆ ಹೋಗುವ ನೀರು. ಊರಿನಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ಕೆಂಪುಹೊಳೆ ಮೊದಲಾದ ಹಳ್ಳಗಳು ಘಟ್ಟದ ಕೆಳಕ್ಕೆ ಧುಮುಕಿ, ಗುಂಡ್ಯದ ಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಮಂಗಳೂರಿನ ಸಮುದ್ರವನ್ನು ಸೇರುತ್ತವೆ. ಇದು ಪಶ್ಚಿಮಕ್ಕೆ ಹೋಗುವ ನೀರು. ಎರಡು ನೀರುಗಳನ್ನು ಬೇರ್ಪಡಿಸುವ ನೆತ್ತಿಯೊಂದು ಈ ಸೀಮೆಯ ನಡುವೆ ಹಾದುಹೋಗಿದೆ. ಬಿಸಿಲೆಯ ರಸ್ತೆಯಲ್ಲಿ ಈ ನೆತ್ತಿಯನ್ನು ಗುರುತಿಸಿ ಕಲ್ಲೊಂದನ್ನು ನೆಟ್ಟಿದ್ದಾರೆ. ಆ ಕಲ್ಲಿನ ಒಂದು ಮಗ್ಗುಲಿಗೆ ಬಿದ್ದ ಹನಿ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೆ. ಪಶ್ಚಿಮಕ್ಕೆ ಹೋಗುವ ನೀರನ್ನು ಪಂಪುಗಳಿಂದ ಮೇಲೆತ್ತಿ ಪೂರ್ವದ ಬಯಲಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ ೨೦೨೪ರ ಸೆಪ್ಟೆಂಬರ್ ೬ರಂದು ಇದೇ ತಾಲ್ಲೂಕಿನಲ್ಲಿ ಪ್ರಾರಂಭವಾಯಿತೆಂಬುದನ್ನು ನೆನೆದರೆ, ಈ ನೆತ್ತಿಯ ಮಹತ್ವ ಬರಿಯ ಕುತೂಹಲದ್ದಲ್ಲವೆಂಬುದು ತಿಳಿದೀತು.

ಈ ನೆತ್ತಿಯ ಎರಡು ಕಡೆಗಳೂ ಒಂದೇ ರೀತಿಯಾಗಿಲ್ಲ. ಪೂರ್ವದ ಕಡೆ ಇಳಿಜಾರು ನಿಧಾನವಾದುದು. ಆಲೂರಿನ ಗುಡ್ಡಗಳು ಒಂದರ ಹಿಂದೊಂದು ಅಲೆಯಂತೆ ತಗ್ಗುತ್ತಾ ಬಯಲಿನಲ್ಲಿ ಕರಗುತ್ತವೆ. ಪಶ್ಚಿಮದ ಕಡೆ ನೆಲ ಒಮ್ಮೆಗೇ ಮುರಿದು ಬೀಳುತ್ತದೆ. ಹೆದ್ದಾರಿಯಲ್ಲಿ ಹೆಗ್ಗದ್ದೆಯಿಂದ ಗುಂಡ್ಯದವರೆಗೆ ಸುಮಾರು ೨೬ ಕಿಲೋಮೀಟರು. ಅಷ್ಟರಲ್ಲಿ ದಾರಿ ಮಲೆನಾಡಿನ ತಂಪಿನಿಂದ ಕರಾವಳಿಯ ಸೆಕೆಗೆ ಇಳಿದುಬಿಡುತ್ತದೆ. ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಈ ಗೋಡೆಗೆ ಬಡಿದು ಮೇಲೇರಿ ತಂಪಾಗಿ ಸುರಿಯುತ್ತವೆ. ಗೋಡೆಯನ್ನು ದಾಟಿ ಬಂದ ಮೋಡದಲ್ಲಿ ಉಳಿದ ನೀರು ಸ್ವಲ್ಪ. ಆದುದರಿಂದಲೇ ಘಟ್ಟದ ಅಂಚಿನಲ್ಲಿ ಕತ್ತಲೆಗವಿದ ಕಾಡು, ಸಕಲೇಶಪುರದ ಸುತ್ತ ಕಾಫಿ ಮತ್ತು ಏಲಕ್ಕಿ, ಆಲೂರಿನಲ್ಲಿ ಕಾಫಿಯೊಡನೆ ಬತ್ತ, ಹಾಸನದ ಬಳಿಗೆ ಬರುವ ವೇಳೆಗೆ ರಾಗಿ, ಆಲೂಗೆಡ್ಡೆ. ಐವತ್ತು ಅರವತ್ತು ಕಿಲೋಮೀಟರಿನೊಳಗೆ ನಾಲ್ಕು ವಿಧದ ನಾಡುಗಳನ್ನು ನೋಡುವ ಅವಕಾಶ ಎಲ್ಲಿ ಬೇಕೆಂದರಲ್ಲಿ ದೊರೆಯುವುದಿಲ್ಲ.

ನೆಲದ ಸ್ವಭಾವ ಇಷ್ಟು ತಿಳಿದ ಮೇಲೆ ಭೂಪಟವನ್ನು ತೆಗೆಯಬೇಕು. ಮೊಬೈಲಿನ ಭೂಪಟ ದಾರಿಯ ಉದ್ದವನ್ನು ಹೇಳುತ್ತದೆ. ಬೆಟ್ಟದ ಎತ್ತರವನ್ನು ಓದಬೇಕಾದರೆ ಭಾರತದ ಸರ್ವೇಕ್ಷಣ ಇಲಾಖೆಯವರು ಅಚ್ಚುಹಾಕಿಸಿದ ಹಾಳೆಗಳೇ ಮೇಲು. ಹಳೆಯ ಎಣಿಕೆಯಲ್ಲಿ ಸಕಲೇಶಪುರ ಮತ್ತು ಬಿಸಿಲೆಯ ಸೀಮೆಗಳು ‘೪೮ ಪಿ’ ಎಂಬ ಗುರುತಿನ ಹಾಳೆಗಳಲ್ಲಿ ಬರುತ್ತವೆ. ಐವತ್ತು ಸಾವಿರಕ್ಕೆ ಒಂದು ಎಂಬ ಪ್ರಮಾಣದ ಈ ಹಾಳೆಗಳಲ್ಲಿ ನೆಲದ ಮೇಲಣ ಒಂದು ಕಿಲೋಮೀಟರು ಕಾಗದದ ಮೇಲೆ ಎರಡು ಸೆಂಟಿಮೀಟರಾಗಿರುತ್ತದೆ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಕಂದುಬಣ್ಣದ ಗೆರೆಗಳು ಇಪ್ಪತ್ತು ಇಪ್ಪತ್ತು ಮೀಟರಿಗೆ ಒಂದರಂತೆ ಹಾದಿರುತ್ತವೆ. ಈ ಗೆರೆಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ರಸ್ತೆಯ ಎರಡು ಸೆಂಟಿಮೀಟರಿನೊಳಗೆ ಅಂತಹ ಐದು ಗೆರೆಗಳು ಅಡ್ಡಹಾಯ್ದರೆ, ಅಲ್ಲಿ ಒಂದು ಕಿಲೋಮೀಟರಿಗೆ ನೂರು ಮೀಟರು, ಎಂದರೆ ಹತ್ತಕ್ಕೆ ಒಂದರಂತೆ, ಏರು ಉಂಟೆಂದು ತಿಳಿಯಬೇಕು. ಗೆರೆಗಳು ರಸ್ತೆಯನ್ನು ದಾಟದೆ ಅದರ ಜೊತೆಯಲ್ಲಿಯೇ ಹೋಗುತ್ತಿದ್ದು, ಒಂದು ಪಕ್ಕದಲ್ಲಿ ಒತ್ತೊತ್ತಾಗಿದ್ದರೆ, ರಸ್ತೆ ಮಟ್ಟವಾಗಿಯೂ ಪಕ್ಕದ ಕಣಿವೆ ಆಳವಾಗಿಯೂ ಇದೆಯೆಂದು ಅರ್ಥ. ನೋಡುವವರಿಗೆ ಬೇಕಾದ ದಾರಿ ಇದೇ. ಕಡಿದಾದ ಏರಿನಲ್ಲಿ ನಡೆಸುವವನ ಗಮನವೆಲ್ಲ ರಸ್ತೆಯ ಮೇಲೆ. ಅಂಚಿನಲ್ಲಿ ಮಟ್ಟಸವಾಗಿ ಸಾಗುವ ದಾರಿಯಲ್ಲಿ ಎಲ್ಲರಿಗೂ ನೋಟ ಸಿಕ್ಕುತ್ತದೆ. ನದಿಯನ್ನು ಅಡ್ಡದಾಟುವ ದಾರಿಗಿಂತ ನದಿಯ ಜೊತೆಯಲ್ಲಿ ಹೋಗುವ ದಾರಿ ಲೇಸು; ದಟ್ಟವಾದ ಕಾಡಿನ ನಡುವೆ ಹೋಗುವ ದಾರಿಗಿಂತ ಕಾಡಿನ ಅಂಚನ್ನು ಹಿಡಿದು ಹೋಗುವ ದಾರಿಯಲ್ಲಿ ಕಾಣುವುದು ಹೆಚ್ಚು.

ಇನ್ನು ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಎಲ್ಲರೂ ಬಲ್ಲ ಹೆದ್ದಾರಿ. ಮೊದಲು ೪೮ ಎಂಬ ಸಂಖ್ಯೆಯಿದ್ದ, ಈಗ ೭೫ ಎಂದು ಕರೆಯಿಸಿಕೊಳ್ಳುವ ಈ ರಾಷ್ಟ್ರೀಯ ಹೆದ್ದಾರಿ ಹಾಸನದಿಂದ ಆಲೂರಿನ ಬಳಿ ಹಾದು, ಬಾಳ್ಳುಪೇಟೆಯ ಮೂಲಕ ಸಕಲೇಶಪುರವನ್ನು ಮುಟ್ಟಿ, ದೋಣಿಗಲ್, ಮಾರನಹಳ್ಳಿಗಳನ್ನು ಕಳೆದು ಶಿರಾಡಿಯ ಘಾಟಿಯನ್ನು ಇಳಿಯುತ್ತದೆ. ಈ ದಾರಿಯಲ್ಲಿ ತಪ್ಪದೆ ನಿಲ್ಲಬೇಕಾದ ಸ್ಥಳ ಮಂಜರಾಬಾದಿನ ಕೋಟೆ. ಸಕಲೇಶಪುರದಿಂದ ಐದಾರು ಕಿಲೋಮೀಟರಿನಲ್ಲಿ, ಸಮುದ್ರಮಟ್ಟಕ್ಕೆ ೯೮೮ ಮೀಟರು ಎತ್ತರದ ಗುಡ್ಡದ ಮೇಲೆ ಇದನ್ನು ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿ ಮುಗಿಸಿದನು. ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿರುವ ಈ ಕೋಟೆ ಫ್ರಾನ್ಸ್ ದೇಶದ ದುರ್ಗಶಿಲ್ಪಿ ವೊಬಾನನ ಪದ್ಧತಿಯನ್ನು ಅನುಸರಿಸಿದುದು. ಮೂಲೆಗಳು ಮುಂದಕ್ಕೆ ಚಾಚಿರುವುದರಿಂದ ಗೋಡೆಯ ಬುಡಕ್ಕೆ ಬಂದ ಶತ್ರುವನ್ನು ಎರಡು ಕಡೆಗಳಿಂದಲೂ ಹೊಡೆಯುವುದು ಸಾಧ್ಯ. ಮಂಜು ಕವಿದ ಗುಡ್ಡವನ್ನು ನೋಡಿ ಸುಲ್ತಾನನು ಈ ಹೆಸರನ್ನಿಟ್ಟನೆಂದು ಜನರು ಹೇಳುತ್ತಾರೆ. ಈ ಹೆಸರೇ ಬಹುಕಾಲ ತಾಲ್ಲೂಕಿಗೂ ಇದ್ದಿತು. ಇಷ್ಟೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೋಟೆ ಇಲ್ಲಿ ಏಕೆ ಇದೆಯೆಂಬುದು. ಕರಾವಳಿಯಿಂದ ಮೇಲಕ್ಕೆ ಬರುವ ದಾರಿಯನ್ನು ಕಾಯುವುದಕ್ಕಾಗಿ ಇದನ್ನು ಕಟ್ಟಿದುದು. ಕಾಯುವವನಿಗೆ ದೂರದವರೆಗೆ ಕಾಣಬೇಕು. ಆದುದರಿಂದ ಅವನು ಆರಿಸಿದ ಸ್ಥಳವೇ ನೋಟಕ್ಕೂ ಮೇಲಾದುದು. ಹಳೆಯ ಕೋಟೆಗಳಿರುವ ಕಡೆ ಒಳ್ಳೆಯ ನೋಟವಿರುತ್ತದೆಯೆಂಬುದನ್ನು ದಾರಿ ಹುಡುಕುವವರು ಒಂದು ಸೂತ್ರವಾಗಿಯೇ ಇಟ್ಟುಕೊಳ್ಳಬಹುದು.

ಎರಡನೆಯದು, ನಮ್ಮ ಅಭಿಪ್ರಾಯದಲ್ಲಿ ಇವೆಲ್ಲದರಲ್ಲಿ ಶ್ರೇಷ್ಠವಾದುದು, ಬಿಸಿಲೆಯ ದಾರಿ. ಸಕಲೇಶಪುರದಿಂದ ದಕ್ಷಿಣಕ್ಕೆ ಹೊರಟು ಹೆತ್ತೂರು, ವನಗೂರುಗಳ ಮೇಲೆ ಬಿಸಿಲೆಯನ್ನು ಸೇರಿ, ಅಲ್ಲಿಂದ ಕಾಡಿನಲ್ಲಿ ಇಳಿದು ಕುಲ್ಕುಂದದ ಮೂಲಕ ಸುಬ್ರಹ್ಮಣ್ಯವನ್ನು ಮುಟ್ಟುವ ದಾರಿ ಇದು. ಬಿಸಿಲೆಗೆ ಸಕಲೇಶಪುರದಿಂದ ೫೦ ಕಿಲೋಮೀಟರಿಗೆ ಸ್ವಲ್ಪ ಹೆಚ್ಚುಕಡಿಮೆ. ಹೆತ್ತೂರಿನವರೆಗೆ ಕಾಫಿಯ ತೋಟಗಳು, ನಡುನಡುವೆ ಬತ್ತದ ಗದ್ದೆಗಳು. ಹೆತ್ತೂರನ್ನು ಕಳೆದಮೇಲೆ ಬೋಳುನೆತ್ತಿಯ ಹುಲ್ಲುಗುಡ್ಡಗಳು, ಅವುಗಳ ಮಡಿಲಿನಲ್ಲಿ ಶೋಲೆಯ ಕಾಡು. ಪಟ್ಲಬೆಟ್ಟ, ಮೂಕನಮನೆಯ ಅಬ್ಬಿ ಮೊದಲಾದ ಹೆಸರುಗಳನ್ನು ಈಗ ಪಟ್ಟಣದವರೂ ಬಲ್ಲರು. ಬಿಸಿಲೆಯ ನೋಟದ ಕಟ್ಟೆಯಲ್ಲಿ ನಿಂತರೆ ಕಾಲಡಿಯಲ್ಲಿ ಕಾಡು ತುಂಬಿದ ಕಣಿವೆ, ಎದುರಿಗೆ ಪುಷ್ಪಗಿರಿಯ ಸಾಲು, ಅದರಲ್ಲಿ ೧೭೧೨ ಮೀಟರು ಎತ್ತರದ ಕುಮಾರಪರ್ವತ. ಪುಷ್ಪಗಿರಿಯ ವನ್ಯಧಾಮವು ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಒಂದು. ಈ ಬೆಟ್ಟಗಳು ಕಟ್ಟೆಗೆ ದಕ್ಷಿಣದಲ್ಲಿರುವುದರಿಂದ ಬೆಳಗಿನ ಸೂರ್ಯನು ಕಣ್ಣಿಗೆ ಅಡ್ಡಬರುವುದಿಲ್ಲ; ಓರೆಯಾಗಿ ಬೀಳುವ ಬೆಳಕಿನಲ್ಲಿ ಬೆಟ್ಟದ ಒಂದೊಂದು ಏಣೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನಕ್ಕೆ ಅದೇ ನೋಟ ಚಪ್ಪಟೆಯಾಗಿ ಮಾಸಿಹೋಗುತ್ತದೆ. ಚೆಲುವಾದ ದಾರಿಯೊಂದನ್ನು ಗೊತ್ತುಮಾಡುವಾಗ ಸ್ಥಳದಷ್ಟೇ ಹೊತ್ತೂ ಮುಖ್ಯವೆನ್ನುವುದು ಇದಕ್ಕಾಗಿಯೇ.

ಮೂರನೆಯದು ಉತ್ತರದ ದಾರಿ. ಸಕಲೇಶಪುರದಿಂದ ಹಾನುಬಾಳಿನ ಮೇಲೆ ಮೂಡಿಗೆರೆಯ ಸೀಮೆಗೆ ಹೋಗುವ ಈ ದಾರಿ ಹೇಮಾವತಿಯ ಮೇಲ್ಭಾಗದ ನಾಡನ್ನು ತೋರಿಸುತ್ತದೆ. ತೋಟಗಳ ನಡುವಿನಿಂದ ಹೊರಟು ದೇವರಮನೆಯ ಹುಲ್ಲುಬೆಟ್ಟಗಳನ್ನು ಸೇರಿದರೆ ಅಲ್ಲಿ ಕಾಲಭೈರವೇಶ್ವರನ ಗುಡಿ. ಗುಡಿಯ ಆಚೆ ನೆಲ ಪಶ್ಚಿಮಕ್ಕೆ ಮುರಿದು ಬೀಳುವ ಅಂಚು. ಈ ನೋಟ ಪಶ್ಚಿಮಾಭಿಮುಖವಾದುದು. ಆದುದರಿಂದ ಇಲ್ಲಿಗೆ ಇಳಿಹೊತ್ತು ಒಳ್ಳೆಯದು. ಕತ್ತಲಾಗುವ ಮೊದಲೇ ಮೂಡಿಗೆರೆಯನ್ನು ಸೇರಿಬಿಡುವುದು ಮಾತ್ರ ಆವಶ್ಯಕ.

ನಾಲ್ಕನೆಯದು ಆಲೂರಿನ ದಾರಿ. ಇದನ್ನು ಹೊಗಳುವವರು ಕಡಮೆ. ಇಲ್ಲಿ ಜಲಪಾತವಿಲ್ಲ, ಪಾತಾಳದಂತಹ ಕಣಿವೆಯಿಲ್ಲ. ಆದರೆ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವ ಸಂಸಾರಸ್ಥರಿಗೆ ಇದಕ್ಕಿಂತ ಹಿತವಾದುದು ಬೇರೊಂದಿಲ್ಲ. ಹೆದ್ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ಕೆಂಚಮ್ಮನ ಹೊಸಕೋಟೆಯ ಕಡೆ ತಿರುಗಿದರೆ ಗುಡ್ಡದ ಮೇಲೆ ತೋಟ, ತಗ್ಗಿನಲ್ಲಿ ಗದ್ದೆ, ಎರಡರ ನಡುವೆ ಕೆರೆ ಎಂಬ ಅರೆಮಲೆನಾಡಿನ ಚಿತ್ರ ಮೈಲಿಮೈಲಿಗೂ ಹೊಸದಾಗಿ ಬರುತ್ತದೆ. ಈ ಕಡೆಯ ಊರುಗಳ ಹೆಸರುಗಳಲ್ಲಿಯೇ ಒಂದು ಸ್ವಾರಸ್ಯವುಂಟು: ಸಕಲೇಶಪುರ ತಾಲ್ಲೂಕಿನಲ್ಲಿ ಶುಕ್ರವಾರಸಂತೆ, ಕೊಡಗಿನ ಎಲ್ಲೆಯನ್ನು ದಾಟಿದರೆ ಶನಿವಾರಸಂತೆ, ಇನ್ನೂ ಮುಂದಕ್ಕೆ ಸೋಮವಾರಪೇಟೆ. ದಿನಕ್ಕೊಂದು ಊರಿನಲ್ಲಿ ಸಂತೆ ನೆರೆಯುತ್ತಿದ್ದ ನಾಡಿನಲ್ಲಿ ಪಂಚಾಂಗವೇ ಊರಿನ ಹೆಸರಾಯಿತು. ಸಂತೆಯಿಂದ ಸಂತೆಗೆ ವ್ಯಾಪಾರಿಗಳು ಹೋಗುತ್ತಿದ್ದ ಜಾಡನ್ನೇ ಹಿಡಿದು ಮೋಟಾರಿನಲ್ಲಿ ಹೋಗುವುದು ದಾರಿಯನ್ನು ಗೊತ್ತುಮಾಡುವ ಒಳ್ಳೆಯ ಉಪಾಯಗಳಲ್ಲಿ ಒಂದು.

ಇವಲ್ಲದೆ ಬೇಲೂರಿನ ಕಡೆಯಿಂದ ಬಿಕ್ಕೋಡಿನ ಮೇಲೆ ಸಕಲೇಶಪುರಕ್ಕೆ ಬರುವ ದಾರಿಯೂ ಇದೆ. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆಮಾಡಿಸಿದ ಚೆನ್ನಕೇಶವನ ದರ್ಶನಮಾಡಿಕೊಂಡು ಮಲೆನಾಡನ್ನು ಹೊಗಬೇಕೆನ್ನುವವರು ಹೆದ್ದಾರಿಗೆ ಬದಲು ಇದನ್ನು ಆರಿಸಿಕೊಳ್ಳಬಹುದು. ತಾವೇ ಗಾಡಿ ನಡೆಸಲು ಇಷ್ಟವಿಲ್ಲದವರಿಗೆ ರೈಲುಮಾರ್ಗವುಂಟು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳೂ ೧೦೯ ಸೇತುವೆಗಳೂ ಇವೆ. ಈ ಹಳಿಗಳ ಮೇಲೆ ನಡೆದುಹೋಗುವುದು ಮಾತ್ರ ನಿಷಿದ್ಧ, ಪ್ರಾಣಕ್ಕೂ ಅಪಾಯ.

ಈಗ ಒಂದು ದಿನದ ಪ್ರಯಾಣವನ್ನು ಗೊತ್ತುಮಾಡುವ ಕ್ರಮವನ್ನು ನೋಡೋಣ. ಬಿಸಿಲೆಯಲ್ಲಿ ಇಳಿದು ಶಿರಾಡಿಯಲ್ಲಿ ಹತ್ತಿ ಮರಳುವ ಸುತ್ತು ಸುಮಾರು ೧೨೦ರಿಂದ ೧೪೦ ಕಿಲೋಮೀಟರು. ಬಯಲುಸೀಮೆಯ ಲೆಕ್ಕದಲ್ಲಿ ಇದು ಎರಡೂವರೆ ಗಂಟೆಯ ಕೆಲಸ. ಘಟ್ಟದಲ್ಲಿ ಆ ಲೆಕ್ಕ ನಡೆಯದು. ಬೆಟ್ಟದ ಕಿರುದಾರಿಯಲ್ಲಿ ಗಂಟೆಗೆ ೨೫ ಕಿಲೋಮೀಟರಿಗಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯಬಾರದು. ಹೆದ್ದಾರಿಯಾದರೂ ಘಾಟಿಯ ಭಾಗದಲ್ಲಿ ೩೦ ಎಂದು ಹಿಡಿಯುವುದು ವಿವೇಕ. ಈ ಎಣಿಕೆಯಂತೆ ಬೆಳಿಗ್ಗೆ ಏಳೂವರೆಗೆ ಸಕಲೇಶಪುರವನ್ನು ಬಿಟ್ಟರೆ ಹತ್ತು ಗಂಟೆಯ ಸುಮಾರಿಗೆ ಬಿಸಿಲೆ. ಅಲ್ಲಿ ಒಂದು ಗಂಟೆ ನಿಂತು, ಕಾಡಿನ ಇಳಿಜಾರನ್ನು ಇಳಿದು ಮಧ್ಯಾಹ್ನಕ್ಕೆ ಸುಬ್ರಹ್ಮಣ್ಯ. ಊಟ ವಿಶ್ರಾಂತಿಗಳನ್ನು ಮುಗಿಸಿ ಎರಡು ಗಂಟೆಗೆ ಹೊರಟರೆ ಗುಂಡ್ಯದ ಮೇಲೆ ಘಾಟಿಯನ್ನು ಹತ್ತಿ ಐದರೊಳಗೆ ಸಕಲೇಶಪುರ. ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಹತ್ತುವಾಗ ಸೂರ್ಯನು ಬೆನ್ನ ಹಿಂದಿರುವುದರಿಂದ ನಡೆಸುವವನ ಕಣ್ಣಿಗೆ ಹಿಂಸೆಯಿಲ್ಲ; ಎದುರಿನ ಕಾಡೆಲ್ಲ ಬೆಳಗಿ ಕಾಣುತ್ತದೆ. ಈ ಸುತ್ತನ್ನು ತಿರುಗಿಸಿ ಮಾಡಿದರೆ ದೂರ ಅಷ್ಟೇ ಆದರೂ ಎರಡು ಸುಖಗಳೂ ತಪ್ಪುತ್ತವೆ; ಬಿಸಿಲೆಯ ಕಾಡಿನ ದಾರಿಯನ್ನು ಕತ್ತಲೆಯ ಹೊತ್ತಿಗೆ ಹತ್ತಬೇಕಾದ ತೊಂದರೆಯೂ ಬರಬಹುದು.

ಋತುವಿನ ವಿಷಯ. ಮುಂಗಾರು ಹಿಂದೆಗೆದು ನೆಲ ಸ್ವಲ್ಪ ಒಣಗಿದ ಮೇಲೆ, ಎಂದರೆ ಅಕ್ಟೋಬರಿನ ಕೊನೆಯಿಂದ ಜನವರಿಯವರೆಗೆ, ಆಕಾಶ ತಿಳಿ, ಹಳ್ಳಗಳಲ್ಲಿ ನೀರು, ಗುಡ್ಡಗಳಲ್ಲಿ ಹಸಿರು. ನವೆಂಬರಿನಿಂದ ಫೆಬ್ರವರಿಯವರೆಗೆ ತೋಟಗಳಲ್ಲಿ ಕಾಫಿಹಣ್ಣನ್ನು ಬಿಡಿಸಿ ಕಣದಲ್ಲಿ ಒಣಗಹಾಕುವ ಕಾಲ. ಮಾರ್ಚಿ, ಏಪ್ರಿಲುಗಳಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಗಳಾದ ಮೇಲೆ ಕಾಫಿಯ ಗಿಡಗಳೆಲ್ಲ ಒಮ್ಮೆಗೇ ಬಿಳಿಯ ಹೂವನ್ನು ತಳೆಯುತ್ತವೆ. ಮೂರು ನಾಲ್ಕು ದಿನ ದಾರಿಯುದ್ದಕ್ಕೂ ಮಲ್ಲಿಗೆಯನ್ನು ಹೋಲುವ ಪರಿಮಳ. ಈ ಹೂವಿನ ದಿನವನ್ನು ಮುಂಚಿತವಾಗಿ ಯಾವ ಯಂತ್ರವೂ ಹೇಳಲಾರದು. ತೋಟದ ಸೀಮೆಯಲ್ಲಿರುವ ಸ್ನೇಹಿತರಿಂದ ಮಳೆ ಬಿದ್ದ ದಿನವನ್ನು ತಿಳಿದುಕೊಂಡು ಎಣಿಸುವುದೇ ದಾರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ದಾರಿಗಳನ್ನು ಬಿಟ್ಟು ಆಲೂರಿನ ದಾರಿಯೊಂದನ್ನೇ ಇಟ್ಟುಕೊಳ್ಳುವುದು ಮೇಲು. ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಸೀಮೆಯ ಚೆಲುವಿಗೂ ಅಪಾಯಕ್ಕೂ ಮೂಲ ಒಂದೇ. ಕಡಿದಾದ ಇಳಿಜಾರು, ಅದರ ಮೇಲೆ ದಪ್ಪನಾದ ಮಣ್ಣು, ಆ ಮಣ್ಣಿನೊಳಕ್ಕೆ ಇಳಿಯುವ ವಿಪರೀತ ಮಳೆ. ಇವು ಕಾಡನ್ನೂ ಜಲಪಾತವನ್ನೂ ಹುಟ್ಟಿಸುತ್ತವೆ. ಇವೇ ಗುಡ್ಡವನ್ನೂ ಜರಿಸುತ್ತವೆ. ನೀರು ಕುಡಿದ ಮಣ್ಣಿಗೆ ಭಾರ ಹೆಚ್ಚುತ್ತದೆ, ಹಿಡಿತ ಕುಗ್ಗುತ್ತದೆ. ಇಳಿಜಾರಿನ ಪಾದವನ್ನು ರಸ್ತೆಗಾಗಿ ಕಡಿದು ನೇರವಾದ ಗೋಡೆಯಂತೆ ನಿಲ್ಲಿಸಿದರೆ, ಮೇಲಣ ಮಣ್ಣಿಗೆ ಇದ್ದ ಆಸರೆ ಹೋಯಿತು. ೨೦೧೮ರಲ್ಲಿ ಶಿರಾಡಿಯ ಘಾಟಿಯ ಕಾಂಕ್ರೀಟು ರಸ್ತೆಯ ಎರಡನೆಯ ಹಂತ ಮುಗಿದು ಜುಲೈ ತಿಂಗಳಲ್ಲಿ ಸಂಚಾರ ತೆರೆಯಿತು, ಆಗಸ್ಟಿನ ಮಳೆಯಲ್ಲಿ ಗುಡ್ಡಗಳು ಜರಿದು ಮತ್ತೆ ಮುಚ್ಚಿತು, ರೈಲುಮಾರ್ಗವೂ ನಿಂತಿತು. ೨೦೨೧ರ ಜುಲೈಯಲ್ಲಿ ದೋಣಿಗಲ್ಲಿನ ಬಳಿ ಹೆದ್ದಾರಿ ಕುಸಿಯಿತು. ಹಾಸನದಿಂದ ಮಾರನಹಳ್ಳಿಯವರೆಗೆ ರಸ್ತೆಯನ್ನು ನಾಲ್ಕು ಸಾಲಾಗಿ ಅಗಲಿಸುವ ಕೆಲಸದಲ್ಲಿ ಗುಡ್ಡಗಳನ್ನು ಇನ್ನಷ್ಟು ಕಡಿಯಬೇಕಾಯಿತು. ೨೦೨೪ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ವಾಹನಗಳು ಮಣ್ಣಿನಲ್ಲಿ ಸಿಕ್ಕಿಕೊಂಡವು; ಅದೇ ದಿನಗಳಲ್ಲಿ ಕಡಗರವಳ್ಳಿ, ಯಡಕುಮೇರಿ ನಿಲ್ದಾಣಗಳ ನಡುವೆ ಹಳಿಯ ಕೆಳಗಣ ನೆಲವೂ ಜಾರಿತು. ಆದುದರಿಂದ ಮಳೆಗಾಲದಲ್ಲಿ ಘಟ್ಟವನ್ನು ದಾಟಲೇಬೇಕಾದವರು ಹೊರಡುವ ದಿನ ಬೆಳಿಗ್ಗೆ ಜಿಲ್ಲಾಡಳಿತದ ಪ್ರಕಟನೆಯನ್ನೂ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ನೋಡಿಕೊಳ್ಳಬೇಕು. ಕಡಿದ ಗುಡ್ಡದಿಂದ ಕೆಂಪುನೀರು ಹೊಸದಾಗಿ ಒಸರುತ್ತಿದ್ದರೆ, ಸಣ್ಣ ಕಲ್ಲುಗಳು ಉರುಳುತ್ತಿದ್ದರೆ, ರಸ್ತೆಯ ಅಂಚಿನಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದ್ದರೆ, ಅಲ್ಲಿ ನಿಲ್ಲದೆ ದೂರ ಸರಿಯಬೇಕು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಂತಹ ಕಡೆ ಅಕ್ಷರಶಃ ನಿಜ.

ಎರಡನೆಯ ಎಚ್ಚರಿಕೆ ಆನೆಗಳದು. ಸಕಲೇಶಪುರ, ಆಲೂರು, ಬೇಲೂರುಗಳ ತೋಟದ ಸೀಮೆಯಲ್ಲಿ ಕಾಡಾನೆಗಳು ಹಗಲು ಕಾಫಿಯ ನೆರಳಿನಲ್ಲಿ ನಿಂತು, ಕತ್ತಲಾಗುತ್ತಲೂ ಗದ್ದೆಗಳಿಗೆ ಇಳಿಯುತ್ತವೆ. ತೋಟಕ್ಕೂ ಗದ್ದೆಗೂ ನಡುವೆ ಇರುವುದು ರಸ್ತೆ. ೨೦೧೪ರಲ್ಲಿ ಆಲೂರಿನ ಸೀಮೆಯಿಂದ ಇಪ್ಪತ್ತಕ್ಕೆ ಮೇಲ್ಪಟ್ಟು ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಆನೆಗಳು ಮತ್ತೆ ಬಂದುವು. ಎಂಟು ಬಾರಿ ಮೈಸೂರಿನ ದಸರೆಯಲ್ಲಿ ಅಂಬಾರಿಯನ್ನು ಹೊತ್ತ ಅರ್ಜುನನು ೨೦೨೩ರ ಡಿಸೆಂಬರ್ ೪ರಂದು ಕಾಡಾನೆಯೊಡನೆ ಹೋರಾಡಿ ಮಡಿದುದು ಈ ತಾಲ್ಲೂಕಿನ ಯಸಳೂರಿನ ವಲಯದಲ್ಲಿಯೇ. ಇಲ್ಲಿನ ಕೂಲಿಯವರು, ಶಾಲೆಯ ಮಕ್ಕಳು, ರೈತರು ದಿನವೂ ಈ ಭಯದಲ್ಲಿ ಬಾಳುತ್ತಾರೆ. ಅರಣ್ಯ ಇಲಾಖೆಯವರು ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ, ಅವು ಇರುವ ಸ್ಥಳವನ್ನು ಮೊಬೈಲಿನ ಸಂದೇಶಗಳ ಮೂಲಕವೂ ದಾರಿಯ ಫಲಕಗಳ ಮೂಲಕವೂ ತಿಳಿಸುವ ಏರ್ಪಾಡನ್ನು ಮಾಡಿದ್ದಾರೆ. ಪ್ರವಾಸಿಗಳು ಪಾಲಿಸಬೇಕಾದ ನಿಯಮ ಸರಳವಾದುದು: ಸೂರ್ಯೋದಯವಾದ ಮೇಲೆ ಒಳದಾರಿಗೆ ಇಳಿಯುವುದು, ಸೂರ್ಯಾಸ್ತಕ್ಕೆ ಮೊದಲೇ ತಂಗುವ ಸ್ಥಳವನ್ನು ಸೇರುವುದು. ಆನೆ ಎದುರಾದರೆ ದೂರದಲ್ಲಿಯೇ ನಿಲ್ಲಿಸಿ, ಹಾರನ್ ಹೊಡೆಯದೆ, ಕೆಳಗಿಳಿಯದೆ, ಚಿತ್ರ ತೆಗೆಯುವ ಆಸೆಯನ್ನು ಬಿಟ್ಟು, ಅದು ದಾಟುವವರೆಗೆ ಕಾಯುವುದು. ಮುಂದೆ ಬಂದರೆ ಗಾಡಿಯನ್ನು ನಿಧಾನವಾಗಿ ಹಿಂದಕ್ಕೆ ತೆಗೆಯುವುದು.

ಗಾಡಿ ನಡೆಸುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಹೋದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಹತ್ತುವುದಕ್ಕೆ ಯಾವ ಗೇರು ಬೇಕಾಗುತ್ತಿದ್ದಿತೋ ಅದೇ ಗೇರಿನಲ್ಲಿ ಇಳಿದು ಇಂಜಿನ್ನಿಗೆ ತಡೆಯುವ ಕೆಲಸವನ್ನು ಕೊಡಬೇಕು. ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕೆಂಬುದು ಸೌಜನ್ಯ ಮಾತ್ರವಲ್ಲ, ಕಾನೂನೂ ಹೌದು. ಮಂಜಿನಲ್ಲಿ ದೀಪವನ್ನು ತಗ್ಗಿಸಬೇಕು. ಎತ್ತರಿಸಿದ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಬಿಸಿಲೆಯ ಕಾಡಿನಲ್ಲಿ ಮೊಬೈಲಿನ ಸಂಕೇತ ಸಿಕ್ಕದ ಕಡೆಗಳಿರುವುದರಿಂದ ಭೂಪಟವನ್ನು ಮುಂಚೆಯೇ ಇಳಿಸಿಟ್ಟುಕೊಳ್ಳಬೇಕು. ಪೆಟ್ರೋಲನ್ನು ಸಕಲೇಶಪುರದಲ್ಲಿಯೇ ತುಂಬಿಸಿಕೊಳ್ಳಬೇಕು. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಯಾರಾದರೊಬ್ಬರಿಗೆ ತಿಳಿಸಿ ಹೊರಡಬೇಕು.

ಕೊನೆಯದಾಗಿ, ದಾರಿ ನಮ್ಮೊಬ್ಬರದಲ್ಲ. ನಾವು ನೋಟಕ್ಕಾಗಿ ನಿಲ್ಲುವ ತಿರುವಿನಲ್ಲಿಯೇ ಘಟ್ಟದ ಮೇಲಣ ರೋಗಿಯನ್ನು ಹೊತ್ತ ಗಾಡಿ ಮಂಗಳೂರಿನ ಆಸ್ಪತ್ರೆಗೆ ಧಾವಿಸುತ್ತಿರಬಹುದು. ಸಂಜೆ ಕೂಲಿಯವರನ್ನು ಮನೆಗೆ ಮುಟ್ಟಿಸುವ ಜೀಪು ಆನೆ ಬರುವುದರೊಳಗೆ ತೋಟವನ್ನು ದಾಟಲು ಅವಸರಪಡುತ್ತಿರಬಹುದು. ರಸ್ತೆಯ ಮೇಲೆ ಗಾಡಿಯನ್ನು ನಿಲ್ಲಿಸಿ ಅವರನ್ನು ತಡೆಯುವುದು ಅನ್ಯಾಯ. ಅಗಲವಾದ ಜಾಗವಿರುವಲ್ಲಿ ಮಾತ್ರ ನಿಲ್ಲಬೇಕು. ತೋಟಗಳ ಒಳದಾರಿ ಖಾಸಗಿಯಾದುದು, ಕೇಳದೆ ಹೊಗಬಾರದು. ಹುಲ್ಲುಗುಡ್ಡದ ಮೇಲೆ ಚಕ್ರ ಹರಿದ ಜಾಡಿನಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ; ಆದುದರಿಂದ ಗಾಡಿಯನ್ನು ರಸ್ತೆಯ ಬಳಿಯಲ್ಲೇ ಬಿಟ್ಟು ನಡೆದುಹೋಗುವುದು ಲೇಸು. ತಂದ ಕಾಗದ, ಪ್ಲಾಸ್ಟಿಕ್ಕುಗಳನ್ನು ಹಿಂದಕ್ಕೆ ತರುವುದನ್ನು ಹೇಳಬೇಕಾದ ಆವಶ್ಯಕತೆ ಇರಬಾರದಾಗಿತ್ತು. ಬಿಸಿಲೆಯ ಕಟ್ಟೆಯನ್ನು ನೋಡಿದವರಿಗೆ ಅದು ಇದೆಯೆಂದು ತಿಳಿದಿದೆ.

ದಾರಿಯಲ್ಲಿ ಸಿಕ್ಕಿದ ಊರಿನವರನ್ನು ಮುಂದಿನ ದಾರಿ ಹೇಗಿದೆಯೆಂದು ಕೇಳುವ ಅಭ್ಯಾಸವನ್ನು ಮಾತ್ರ ಯಾವ ಭೂಪಟ ಬಂದರೂ ಬಿಡಬಾರದು. ನಿನ್ನೆ ರಾತ್ರಿ ಎಲ್ಲಿ ಮರ ಬಿದ್ದಿತು, ಯಾವ ಸೇತುವೆಯ ಮೇಲೆ ನೀರು ಬಂದಿತು, ಆನೆಯ ಹಿಂಡು ಯಾರ ತೋಟದಲ್ಲಿದೆ, ಹೂವು ಯಾವ ಗುಡ್ಡದ ಮಗ್ಗುಲಲ್ಲಿ ಅರಳಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಅವರು ಹೋಗಬೇಡಿರೆಂದರೆ ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ. ಬೆಟ್ಟ ಅಲ್ಲಿಯೇ ಇರುತ್ತದೆ. ಮುಂದಿನ ಕಾರ್ತಿಕದಲ್ಲಿ ಆಕಾಶ ತಿಳಿಯಾದಾಗ ಮತ್ತೆ ಹೋಗಬಹುದು.